ಓದಿ ಹಾಕಿದ ಓಟು

ನಾನು ಕೋಪಿಷ್ಠೆ ಅಂತ ಊರಿಗೇ ಗೊತ್ತು, ಅದನ್ನು ಮುಚ್ಚಿಟ್ಟುಕೊಂಡು ಏನಾಗಬೇಕು. ಆತಗೂರಿನ ಪಕ್ಕದ ನಮ್ಮ ಹಳ್ಳಿಯ ಹಾಲಿನ ಡೈರಿಗೆ ಹದಿನಾಲ್ಕು ವರ್ಷದಿಂದ ಕಾರ್ಯದರ್ಶಿ ನಾನು, ಇಂದ್ರಮ್ಮ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು, ಸಂಜೆ ಐದೂವರೆಗೆ ಮತ್ತೆ ತೆಗೆಯಬೇಕು. ಬಂದವರ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ನೀರು ಬೆರೆತಿದ್ದರೆ ಮುಖ ನೋಡದೆ ವಾಪಸ್ ಕಳಿಸಬೇಕು. ಇಂಥ ಕೆಲಸದಲ್ಲಿ ಮೆತ್ತಗಿದ್ದರೆ ನಡೆಯುತ್ತದೆಯೇ ನೀವೇ ಹೇಳಿ.

ಈ ಎರಡು ಹೊತ್ತಿನ ನಡುವಿನ ಬಿಡುವಿನಲ್ಲಿ, ಡೈರಿಯ ಸ್ಟೂಲಿನ ಮೇಲೆ ಕೂತು, ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ಮೂರು ವರ್ಷದಲ್ಲಿ ಒಂದು ಕಾದಂಬರಿ ಬರೆದೆ. ‘ಎರಡು ಹೊತ್ತಿನ ಹಾಲು’ ಅಂತ ಹೆಸರಿಟ್ಟೆ. ಹಳ್ಳಿಯ ಹೆಂಗಸೊಬ್ಬಳು ಹಾಲಿನ ಸಂಘ ಕಟ್ಟುವ ಕತೆ. ಮಳವಳ್ಳಿಯಲ್ಲಿ ಪಿಯುಸಿ ಓದುವಾಗ ಕನ್ನಡದ ಪ್ರಬಂಧದಲ್ಲಿ ನನ್ನದೇ ಮೇಲುಗೈ ಆಗಿತ್ತು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಆ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಕೇಳಲಿ ಅಂತಲೇ ಬರೆದೆ ಅಂತಿಟ್ಟುಕೊಳ್ಳಿ.

ಇಬ್ಬರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರು ಉತ್ತರ ಬರೆಯಲಿಲ್ಲ, ಇನ್ನೊಬ್ಬರು ‘ತಮ್ಮ ಆಸಕ್ತಿಗೆ ವಂದನೆಗಳು’ ಅಂತ ಬರೆದರು. ಆಸಕ್ತಿಯಂತೆ! ಆಮೇಲೆ ಮಂಡ್ಯದ ಹೊಸಗದ್ದೆ ಪ್ರಕಾಶನದವರ ಸ್ಪರ್ಧೆ ಕಣ್ಣಿಗೆ ಬಿತ್ತು. ಕಾದಂಬರಿಯ ಮೊದಲ ಮೂರು ಅಧ್ಯಾಯಗಳನ್ನು ಅವರು ತಮ್ಮ ಜಾಲತಾಣದಲ್ಲಿ ಹಾಕುತ್ತಾರೆ. ನಲವತ್ತು ದಿನ ಓದುಗರು ಓದಿ ಓಟು ಹಾಕಬೇಕು. ಒಂದು ಫೋನಿಗೆ ಒಂದು ಓಟು. ಹೆಚ್ಚು ಓಟು ಬಂದ ಐದು ಕಾದಂಬರಿಗಳು ಪುಸ್ತಕವಾಗುತ್ತವೆ. ಬಂದಿದ್ದವು ಅರವತ್ತಮೂರು. ನನ್ನದು ನಲವತ್ತೊಂದನೆಯದು.

ಅರವತ್ತಮೂರು ಲೇಖಕರನ್ನೂ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ಅಯ್ಯೋ, ಆ ಗುಂಪಿನ ಕತೆ ಬೇರೆಯೇ ಬರೆಯಬೇಕು. ಹೊಳಲಿನ ಹೇಮಂತ್ ಎನ್ನುವ ಪತ್ತೇದಾರಿ ಕಾದಂಬರಿಕಾರ ದಿನಾ ಬೆಳಿಗ್ಗೆ ಐದಕ್ಕೇ ಗುಲಾಬಿ ಹೂವಿನ ಚಿತ್ರದ ಕೆಳಗೆ ತನ್ನ ಲಿಂಕು ಹಾಕುತ್ತಿದ್ದ. ಇನ್ನೊಬ್ಬರು ಮಗಳ ನಾಮಕರಣದ ಕರೆಯೋಲೆಯಲ್ಲೇ ಓಟು ಕೇಳಿದ್ದರು. ‘ಮೇಡಂ, ನೀವು ನನಗೆ ಹಾಕಿ, ನಾನು ನಿಮಗೆ ಹಾಕುತ್ತೇನೆ, ಪರಸ್ಪರ ಸಹಕಾರ’ ಅಂತ ಹೇಮಂತ್ ಬರೆದ. ‘ಮೊದಲು ಓದಿ ಸ್ವಾಮಿ, ಆಮೇಲೆ ಸಹಕಾರ’ ಅಂತ ಎಲ್ಲರೆದುರಿಗೇ ಉತ್ತರ ಕೊಟ್ಟೆ. ಎಷ್ಟು ಜಂಬ ನೋಡಿ ನನಗೆ.

ಹದಿನೆಂಟು ದಿನವಾದರೂ ನನಗೆ ಒಂದು ಓಟೂ ಬೀಳಲಿಲ್ಲ. ಆಗ ನನ್ನ ಮೈದುನ ಶಿವಣ್ಣ ಅಖಾಡಕ್ಕಿಳಿದ. ಅವನು ಎರಡು ಸಲ ಪಂಚಾಯ್ತಿ ಮೆಂಬರಾಗಿ ಗೆದ್ದವನು.

“ಅತ್ಗೆ, ಕತೆ ನಿಮ್ದು, ಓಟು ನಂದು. ನಂಗೆ ಬುಟ್ಬುಡಿ,” ಅಂದ.

ನಮ್ಮ ಕಡೆ ಓಟು ಕೇಳುವ ರೀತಿ ಒಂದೇ. ಮನೆಮನೆಗೆ ಹೋಗಿ ಎಲೆ ಅಡಿಕೆ ಕೊಡುವುದು. ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಆಮೇಲೆ ಚುನಾವಣೆಗೆ ನಿಂತವರು ಯಾರು, ಎಂಥವರು, ಒಂದನ್ನೂ ಯೋಚಿಸುವ ಹಾಗಿಲ್ಲ, ಹಾಕಲೇಬೇಕು. ಶಿವಣ್ಣ ಹಾಗೇ ಮಾಡಿದ. ಊರಿನ ವಾಟ್ಸಾಪ್ ಗುಂಪಿಗೆ ಲಿಂಕು ಕಳಿಸಿ, ಎರಡು ದಿನ ಬೆಳಿಗ್ಗೆ ಡೈರಿಯ ಸಾಲಿನ ಪಕ್ಕವೇ ನಿಂತುಕೊಂಡ. ಹಾಲು ಹಾಕಿದವರು ಫೋನು ತೆಗೆದು ಹೆಬ್ಬೆರಳಿನಲ್ಲಿ ಸರಸರ ಪುಟ ಎಳೆದು ಕೊನೆಯ ಗುಂಡಿ ಒತ್ತುವುದು, ಮುಂದಿನವರು ಬರುವುದು. ಮೂರನೆಯ ದಿನಕ್ಕೆ ನನ್ನ ಓಟು ಇನ್ನೂರ ಹದಿನಾಲ್ಕು. ಪಟ್ಟಿಯಲ್ಲಿ ನಾನೇ ಮೊದಲು! ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ನಮ್ಮ ಯಜಮಾನರು ನಾಗರಾಜು ಮದ್ದೂರಿಗೆ ಹೋದವರು ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದರು.

ಮೈಸೂರುಪಾಕು ಖಾಲಿಯಾಗಿ ವಾರ ತುಂಬುವಷ್ಟರಲ್ಲಿ ಸ್ಪರ್ಧೆಯ ಉಸ್ತುವಾರಿ ಕುಸುಮ ಅವರಿಂದ ಪತ್ರ ಬಂತು. ‘ನಿಮ್ಮ ಇನ್ನೂರ ಹದಿನಾಲ್ಕು ಮತಗಳಲ್ಲಿ ಇನ್ನೂರ ಹದಿಮೂರನ್ನು ರದ್ದುಪಡಿಸಲಾಗಿದೆ. ಮೂರು ಅಧ್ಯಾಯಗಳನ್ನು ಇವರು ತಲಾ ನಲವತ್ತು ಸೆಕೆಂಡಿನಲ್ಲಿ ಮುಗಿಸಿದ್ದಾರೆ. ಉಳಿದ ಒಂದು ಮತದವರು ಮೂರು ಗಂಟೆ ಹತ್ತು ನಿಮಿಷ ಓದಿದ್ದಾರೆ, ಅದು ಸಿಂಧು. ರದ್ದಾದವರು ಓದಿ ಮತ್ತೆ ಮತ ಹಾಕಬಹುದು. ಹನ್ನೊಂದು ದಿನ ಬಾಕಿ ಇದೆ.’

ಪತ್ರದ ಸುದ್ದಿ ಲೇಖಕರ ಗುಂಪಿಗೂ ಮುಟ್ಟಿತು. ‘ಮೊದಲು ಓದಿ ಸ್ವಾಮಿ’ ಅಂತ ನನ್ನ ಮಾತನ್ನೇ ಹೇಮಂತ್ ನನಗೆ ವಾಪಸ್ ಕಳಿಸಿದ. ಕೆಳಗೆ ಗುಲಾಬಿ ಹೂವು.

ಓಟು ಹೋಗಿದ್ದಕ್ಕಿಂತ ನನಗೆ ಉರಿದದ್ದು ಬೇರೆ. ಇನ್ನೂರ ಹದಿಮೂರು ಜನ, ದಿನಕ್ಕೆರಡು ಸಲ ನನ್ನ ಮುಖ ನೋಡುವವರು, ಒಬ್ಬರೂ ಒಂದು ಪುಟ ಓದಿರಲಿಲ್ಲ. ಮಾರನೆಯ ಬೆಳಿಗ್ಗೆ ಸಾಲಿನ ಮುಂದೆ ನಿಂತು ಕೇಳಿಯೇಬಿಟ್ಟೆ.

“ನನ್ ಕತೇಲಿ ಏನೈತೆ ಹೇಳ್ರಪ್ಪ ನೋಡಾನ!”

ಸಾಲಿನವರೆಲ್ಲ ತಮ್ಮ ತಮ್ಮ ಹಾಲನ್ನು ನೋಡಿಕೊಂಡರು. ಶಿವಣ್ಣ ಕ್ಯಾನಿನ ಮುಚ್ಚಳ ತಿರುಗಿಸುತ್ತ ನಿಂತ. ಮನೆಗೆ ಬಂದು ಯಜಮಾನರನ್ನು ಹಿಡಿದೆ. ಆ ಒಂದು ಓಟು ಇವರದೇ ಇರಬೇಕು ಅಂತ ನನಗೊಂದು ಆಸೆ.

“ಸುಳ್ಳ್ ಯಾಕ್ ಏಳ್ಲಿ ಕಣೆ,” ಅಂದರು. “ನಾನೂ ಎಲ್ರಂಗೆ ಎಳ್ದು ಒತ್ದೆ. ಪುಸ್ತಕ ಆದ್ಮೇಲೆ ಓದಾನ ಅಂತಿದ್ದೆ.”

ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮುದ್ದೆಯನ್ನು ತಟ್ಟೆಗೆ ಇಟ್ಟ ಸದ್ದು ಪಕ್ಕದ ಮನೆಗೂ ಕೇಳಿರಬೇಕು.

ಹಾಗಾದರೆ ಆ ಮೂರು ಗಂಟೆ ಹತ್ತು ನಿಮಿಷ ಯಾರದು? ಯಾರನ್ನು ನೋಡಿದರೂ ಇವರೇನಾ, ಇವರೇನಾ ಅನ್ನಿಸುತ್ತಿತ್ತು. ಕೊನೆಗೆ ಹೇಳಿದವಳು ಚಿಕ್ಕನಂಜಮ್ಮ. ಎಪ್ಪತ್ತು ದಾಟಿದ ಮುದುಕಿ, ಒಂದೇ ಹಸು, ಒಂದೂವರೆ ಲೀಟರ್ ಹಾಲು, ಹತ್ತು ಲೀಟರಿನಷ್ಟು ಮಾತು.

“ನಮ್ ಪಕ್ಕದ್ಮನೆ ದೊಡ್ಡಬೀರಯ್ಯ ಕಣವ್ವ. ಒಂದಿನ ಮಧ್ಯಾನ್ವೆಲ್ಲಾ ಜಗ್ಲಿ ಮ್ಯಾಲೆ ಕುಂತ್ಕಂಡು ಫೋನ್ನಾಗೆ ನಿನ್ ಕತೆಯ ಗಟ್ಟ್ಯಾಗಿ ಓದ್ತಿದ್ದ. ಅವ್ನಿಗೆ ಮನ್ಸಿನಾಗೆ ಓದಾಕೆ ಬರಾಕಿಲ್ವಲ್ಲ. ನಾ ಗ್ವಾಡೆ ಪಕ್ದಲ್ಲೇ ಕುಂತು ಕೇಳುಸ್ಕಂಡೆ.”

ಕೈಯಲ್ಲಿದ್ದ ಲ್ಯಾಕ್ಟೋಮೀಟರ್ ಬೀಳಲಿಲ್ಲ, ಅಷ್ಟೇ ಪುಣ್ಯ.

ದೊಡ್ಡಬೀರಯ್ಯ ಅಂದರೆ ಊರಿನ ಪುರಾಣ ಓದುವವರು. ಶ್ರಾವಣದಲ್ಲಿ ಮಾರಮ್ಮನ ಗುಡಿ ಜಗಲಿಯ ಮೇಲೆ ಅವರು ಒಂದೊಂದೇ ಪದ್ಯ ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರೆಲ್ಲ ಕೂತು ಕೇಳುವುದು, ಹಾಗೆ ನಡೆಯುತ್ತಿತ್ತು. ಈಚೆಗೆ ಓದಿಸುವವರು ಕಡಿಮೆಯಾದರು. ಆದರೆ ನಾನು ಬೆಚ್ಚಿದ್ದು ಅದಕ್ಕಲ್ಲ. ಆರು ವರ್ಷದ ಹಿಂದೆ ಅವರ ಹಾಲಿಗೆ ಮೀಟರ್ ಬಿಟ್ಟಾಗ ಇಪ್ಪತ್ತೆರಡು ತೋರಿಸಿತ್ತು. ಒಳ್ಳೆಯ ಹಾಲು ಇಪ್ಪತ್ತೆಂಟರ ಮೇಲಿರಬೇಕು. “ಇಪ್ಪತ್ತೆರಡು!” ಅಂತ ಸಾಲಿಗೆಲ್ಲ ಕೇಳುವ ಹಾಗೆ ಕೂಗಿ ಕ್ಯಾನು ವಾಪಸ್ ಕೊಟ್ಟಿದ್ದೆ. ಅವರು ಅಲ್ಲೇ ನಿಂತು, ಒಂದು ಹನಿ ನೀರು ಬೆರೆಸಿಲ್ಲ ಅಂತ ಮುತ್ತತ್ತಿರಾಯನ ಮೇಲೆ ಆಣೆ ಇಟ್ಟು ಹೋದವರು, ಮತ್ತೆ ಡೈರಿಯ ಮೆಟ್ಟಿಲು ಹತ್ತಿರಲಿಲ್ಲ. ಹಾಲನ್ನು ಖಾಸಗಿ ವ್ಯಾನಿಗೆ ಹಾಕುತ್ತಿದ್ದರು. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ನನ್ನ ಕಾದಂಬರಿಯ ಎರಡನೇ ಅಧ್ಯಾಯ ಪೂರ್ತಿ ಅದೇ ಪ್ರಸಂಗ. ಅವರ ಹೆಸರಿನ ಬದಲು ಕರಿಯಪ್ಪ ಅಂತ ಹಾಕಿದ್ದೆ, ಹಸುವಿನ ಬದಲು ಎಮ್ಮೆ ಮಾಡಿದ್ದೆ. ಅಷ್ಟಕ್ಕೇ ಗುರುತು ಸಿಗುವುದಿಲ್ಲ ಅಂದುಕೊಂಡಿದ್ದೆನಲ್ಲ, ಎಂಥ ಪೆದ್ದಿ ನಾನು.

ಆದರೂ ಹೋದೆ. ಅವರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಕೂತ್ಕೊ ಅನ್ನಲಿಲ್ಲ.

“ಓಟು ಹಾಕಿದ್ದು ನೀವಾ, ಬೀರಯ್ಯಮಾವ?”

“ನಾನೇಯ.”

“ಶಿವಣ್ಣ ಎಲೆ ಅಡ್ಕೆ ಕೊಟ್ಟಿದ್ನಾ?”

“ಅವ್ನೆಲ್ಲಿ ಬಂದ ನಮ್ಮನೆ ಬಾಗ್ಲಿಗೆ? ನೀನೂ ನಾನೂ ಮಾತಾಡಾಕಿಲ್ಲ ಅಂತ ನಮ್ಮನೆ ದಾಟ್ಕಂಡ್ ಓದ. ನಾ ಯಾರ್ ಎಲೆ ಅಡ್ಕೇಗೂ ಆಕ್ನಿಲ್ಲ. ಊರ್ನಾಗೆ ಒಂದ್ ಕತೆ ಉಟ್ಟೈತೆ ಅಂದ್ಮ್ಯಾಲೆ ಓದ್ದೆ ಇರಾಕಾಯ್ತದಾ?”

“ಎರಡನೇ ಅಧ್ಯಾಯ...”

“ಓದ್ದೆ.”

“ಕೋಪ ಬರ್ಲಿಲ್ವಾ?”

“ಬರ್ದೆ ಏನು? ಫೋನೆತ್ತಿ ಗ್ವಾಡೆಗೆ ಒಡೀವಾ ಅನ್ನುಸ್ತು. ಮೂರ್ನೇದ್ರಲ್ಲಿ ಏನಾಯ್ತದೆ ಅಂತ ನೋಡ್ಬೇಕಿತ್ತು, ಅದ್ಕೆ ಒಡೀನಿಲ್ಲ.” ಹಗ್ಗ ಕೆಳಗಿಟ್ಟರು. “ಚೆಂದಾಗ್ ಬರ್ದಿದ್ದೀಯೆ ಕಣಮ್ಮ. ಚೆಂದಾಗಿರಾದ್ಕೆ ಚೆಂದಾಗದೆ ಅನ್ಬೇಕು. ಆದ್ರೆ ಒಂದ್ ತಪ್ಪೈತೆ.”

“ಏನು ತಪ್ಪು?”

“ಈಗ್ ಬ್ಯಾಡ. ಏಳೋ ಒತ್ತಿಗೆ ಏಳ್ತೀನಿ.”

ಆ ಮಾತು ನನ್ನನ್ನು ಕೊರೆಯತೊಡಗಿತು. ಏನಿರಬಹುದು ಅದು? ಹಾಲು ಬಿಸಿಯಿದ್ದರೆ ಮೀಟರ್ ಸ್ವಲ್ಪ ಕಡಿಮೆ ತೋರಿಸುತ್ತದೆ. ಆ ದಿನ ಹಾಲು ಕರೆದ ಬಿಸಿ ಇನ್ನೂ ಆರಿರಲಿಲ್ಲವೇನೋ. ತಪ್ಪು ಮಾಡದ ಮನುಷ್ಯನನ್ನು ಒಂದು ಸಲ ಸಾಲಿನಲ್ಲಿ ನಿಲ್ಲಿಸಿ, ಇನ್ನೊಂದು ಸಲ ಕಾದಂಬರಿಯಲ್ಲಿ ನಿಲ್ಲಿಸಿದೆನೇ? ಅಲ್ಲೇ ನಿಂತು, ಸ್ಪರ್ಧೆಯಿಂದ ಕಾದಂಬರಿ ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆ. ಅವರು ಬೈದರು.

“ಬರ್ದು ಇಂದ್ಕೆ ಈಸ್ಕಳಾದು ಯಾವ್ ನ್ಯಾಯ? ಊರ್ನೋರು ಓದ್ಲಿಲ್ಲ ಅಂತಾ ತಾನೆ ನಿಂಗೆ ಉರಿ? ನಾನ್ ಓದುಸ್ತೀನಿ ನಡಿ.”

ಮಾರನೆಯ ಸಂಜೆ ದೊಡ್ಡಬೀರಯ್ಯ ಆರು ವರ್ಷದ ಮೇಲೆ ಡೈರಿಯ ಮೆಟ್ಟಿಲು ಹತ್ತಿದರು. ಒಗೆದ ಪಂಚೆ, ಹೆಗಲ ಮೇಲೆ ಟವಲ್, ಮೂಗಿನ ಮೇಲೆ ಕನ್ನಡಕ. ಜಗಲಿಯ ಮೇಲೆ ಪುರಾಣಕ್ಕೆ ಕೂರುವ ಹಾಗೆ ಚಕ್ಕಂಬಕ್ಕಲ ಹಾಕಿ ಕೂತರು. ಹಾಲು ಹಾಕಿದವರು ಮನೆಗೆ ಹೋಗದೆ ನಿಂತರು.

“ಎಲ್ರೂ ನಿಮ್ ನಿಮ್ ಫೋನ್ ತಗೀರಿ. ನಾ ಓದ್ದಂಗೆ ಪುಟ ಎಳೀಬೇಕು. ಮುಂದಕ್ ಎಳ್ದೋರು ನನ್ ಕೈಲಿ ಬೈಸ್ಕತೀರಿ,” ಅಂದರು.

ಓದಿದರು ನೋಡಿ! ನಾನು ಬರೆದ ಮಾತು ಅಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರಲಿಲ್ಲ. ಮೊದಲ ದಿನ ಮೂವತ್ತು ಜನ ಕೂತಿದ್ದರು. ಚಿಕ್ಕನಂಜಮ್ಮನ ಹತ್ತಿರ ಬಟನ್ ಫೋನು, ಓಟಿಲ್ಲ, ಆದರೂ ಎದುರಿಗೇ ಕೂತು ಒಂದೊಂದು ಮಾತಿಗೂ ತನ್ನ ಅರ್ಥ ಹೇಳುತ್ತಿದ್ದಳು. ಎರಡನೆಯ ದಿನ ಎಪ್ಪತ್ತು ದಾಟಿತು. ಆವತ್ತು ಎರಡನೇ ಅಧ್ಯಾಯ.

ನಾನು ಒಳಗೆ ಕ್ಯಾನುಗಳ ಹಿಂದೆ ಹೋಗಿ ನಿಂತೆ, ಹೊರಗೆ ನಿಲ್ಲುವ ಧೈರ್ಯವಾಗಲಿಲ್ಲ. ಕರಿಯಪ್ಪ ಎಮ್ಮೆ ಹಾಲು ತರುವುದು, ಮೀಟರ್ ಕಡ್ಡಿ ಮುಳುಗುವುದು, ಎಲ್ಲರೆದುರಿಗೆ ಅವನ ಹಾಲು ವಾಪಸ್ಸಾಗುವುದು. ಕೂತವರೆಲ್ಲ ನೆಲ ನೋಡುತ್ತಿದ್ದರು. ದೊಡ್ಡಬೀರಯ್ಯ ಮಾತ್ರ ಒಂದು ಪದ ಬಿಡಲಿಲ್ಲ, ದನಿ ತಗ್ಗಿಸಲಿಲ್ಲ. ಕರಿಯಪ್ಪ ಆಣೆ ಇಡುವ ಜಾಗ ಬಂದಾಗ ಒಂದು ಸಲ ಕನ್ನಡಕ ಒರೆಸಿಕೊಂಡು ಮುಂದೆ ಓದಿದರು. ಮುಗಿದ ಮೇಲೆ ಎಲ್ಲರೂ ಕ್ಯಾನು ಎತ್ತಿಕೊಂಡು ಹೋದರು.

ತಪ್ಪಿಸಿಕೊಂಡವರಿಗೆ ಬೆಳಿಗ್ಗೆ ಹಾಲಿನ ಹೊತ್ತಿನಲ್ಲಿ ಮತ್ತೊಮ್ಮೆ ಓದಿದ್ದರು, ಮೂರನೆಯ ದಿನ ಓದು ಮುಗಿದಾಗ ಓಟು ತೊಂಬತ್ತೆರಡು. ಎಲ್ಲ ಓದಿ ಹಾಕಿದ ಓಟುಗಳು. ಶಿವಣ್ಣನೂ ಹಾಕಿದ. ನಮ್ಮ ಯಜಮಾನರೂ ಹಾಕಿ, ಫೋನು ತಂದು ನನಗೆ ತೋರಿಸಿದರು. ಅವತ್ತಿಂದ ಮುದ್ದೆ ಮೆತ್ತಗೆ ಬಡಿಸಿದೆ.

ಎರಡು ದಿನ ಬಿಟ್ಟು ಕುಸುಮ ಅವರ ಫೋನು.

“ಮೇಡಂ, ಮತ್ತೆ ಅದೇ ಮಾಡಿದ್ದೀರಲ್ಲ. ಒಂದೇ ಜಾಗದಿಂದ ತೊಂಬತ್ತು ಚಿಲ್ಲರೆ ಓಟು, ಎಲ್ಲರದೂ ಓದಿದ ಸಮಯ ಒಂದೇ. ನಿಮಿಷಕ್ಕೆ ನಿಮಿಷ ಸರಿಹೊಂದುತ್ತೆ. ಇದನ್ನ ನಾವು ಹೇಗೆ ನಂಬೋದು?”

“ಬಂದು ನೋಡಿ!” ಅಂದೆ. ಅಂದಿದ್ದು ಅನ್ನುವುದಕ್ಕಿಂತ ಕಿರುಚಿದ್ದು ಅನ್ನಬೇಕು. “ಯಾರನ್ನು ಬೇಕಾದರೂ ಕೇಳಿ, ಏನು ಬೇಕಾದರೂ ಕೇಳಿ!”

ಆಕೆ ನಿಜಕ್ಕೂ ಬಂದರು. ಮೂವತ್ತರ ಒಳಗಿನ ಹುಡುಗಿ, ಮದ್ದೂರಿನಿಂದ ಆಟೋದಲ್ಲಿ ಇಳಿದರು. ಕೈಯಲ್ಲಿ ನಮ್ಮ ಊರಿನ ಓಟುಗಳ ಪಟ್ಟಿ, ಮುಖದಲ್ಲಿ ನಗು ಇಲ್ಲ. ಸಂಜೆ ಹಾಲಿನ ಹೊತ್ತು. ಊರು ಜಗಲಿ ತುಂಬ ಕೂತಿತ್ತು, ಎದುರಿನಲ್ಲೇ ದೊಡ್ಡಬೀರಯ್ಯ. ನನ್ನ ಸ್ಟೂಲನ್ನು ಆಕೆಗೆ ಕೊಟ್ಟು ನಾನು ಬಾಗಿಲಿಗೆ ಒರಗಿ ನಿಂತೆ. ಈ ತೊಂಬತ್ತೆರಡು ಹೋದರೆ ಪುಸ್ತಕವೂ ಹೋದ ಹಾಗೆ.

“ಮೊದಲನೇ ಅಧ್ಯಾಯದಲ್ಲಿ ಸಂಘ ಕಟ್ಟೋಕೆ ಮೊದಲು ಒಪ್ಪಿದ ಹೆಂಗಸು ಯಾರು?” ಅಂತ ಕೇಳಿದರು.

ನಲವತ್ತು ಬಾಯಿ ಒಟ್ಟಿಗೆ ಉತ್ತರ ಹೇಳಿದವು. ಚಿಕ್ಕನಂಜಮ್ಮ ಎದ್ದು ನಿಂತು, ಆ ಹೆಂಗಸಿನ ಗಂಡನಿಗೆ ನಾನು ಕತೆಯಲ್ಲಿ ಇನ್ನೂ ಎರಡು ಏಟು ಹಾಕಿಸಬೇಕಿತ್ತು ಅಂತ ದೂರು ಕೊಟ್ಟಳು. ಕುಸುಮ ಅವರ ತುಟಿ ಸ್ವಲ್ಪ ಸಡಿಲವಾಯಿತು.

“ಸರಿ. ಎರಡನೇ ಅಧ್ಯಾಯದಲ್ಲಿ ಹಾಲಿಗೆ ನೀರು ಬೆರೆಸಿದವನು ಯಾರು? ಆಮೇಲೆ ಅವನು ಏನು ಮಾಡಿದ?”

ಜಗಲಿ ಗಪ್ಪಾಯಿತು.

ಆರು ವರ್ಷ ಇವರೆಲ್ಲ ಬೆನ್ನ ಹಿಂದೆ ಅದನ್ನೇ ಆಡಿಕೊಂಡವರು. ಆದರೆ ಮನುಷ್ಯ ಎದುರಿಗೆ ಕೂತಿರುವಾಗ, ಅದೂ ಮೂರು ಸಂಜೆ ತಮಗೆ ಓದಿ ಹೇಳಿದ ಮನುಷ್ಯ, ಅವನ ಮುಖಕ್ಕೆ ಆ ಮಾತು ಆಡಲು ನಮ್ಮೂರಿನಲ್ಲಿ ಯಾರಿಗೂ ನಾಲಿಗೆ ಏಳದು. ಕರಿಯಪ್ಪ ಅಂತ ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಅದನ್ನೂ ಹೇಳಲಿಲ್ಲ. ಬಾಯಿಬಡುಕಿ ಚಿಕ್ಕನಂಜಮ್ಮ ಕೂಡ ಸೆರಗು ಸರಿಮಾಡಿಕೊಂಡು ಕೂತುಬಿಟ್ಟಳು.

ಕುಸುಮ ಒಬ್ಬೊಬ್ಬರ ಮುಖವನ್ನೇ ನೋಡಿದರು. “ಯಾರೂ ಇಲ್ವಾ? ಹಾಗಾದ್ರೆ ಎರಡನೇ ಅಧ್ಯಾಯ ಯಾರೂ ಓದಿಲ್ಲ,” ಅಂತ ಪೆನ್ನು ತೆಗೆದರು.

ಕಾರಣ ನನಗೆ ಗೊತ್ತಿತ್ತು. ಹೇಳಿದ್ದರೆ ತೊಂಬತ್ತೆರಡೂ ಉಳಿಯುತ್ತಿದ್ದವು. ಆದರೆ ಹೇಳುವುದೆಂದರೆ ಆ ಮನುಷ್ಯನನ್ನು ಅದೇ ಡೈರಿಯಲ್ಲಿ, ಅದೇ ಜನರ ಮುಂದೆ, ಇನ್ನೊಂದು ಸಲ ಬೊಟ್ಟು ಮಾಡಿ ತೋರಿಸುವುದು. ಮೂರು ವರ್ಷದ ಕೆಲಸ ಕಣ್ಣೆದುರಿಗೆ ಹೋಗುತ್ತಿತ್ತು. ಹೋಗಲಿ ಅಂದುಕೊಂಡೆ.

“ಬರ್ಕೊಳ್ಳಿ ಮೇಡಂ,” ಅಂದೆ. “ರದ್ದು ಅಂತಲೇ ಬರ್ಕೊಳ್ಳಿ.”

“ತಡ್ಯವ್ವಾ!”

ದೊಡ್ಡಬೀರಯ್ಯ ಎದ್ದು ನಿಂತಿದ್ದರು.

“ಬರೀಬ್ಯಾಡ. ಇವ್ರೆಲ್ಲಾ ಓದವ್ರೆ. ನಾನೇ ಓದ್ಸಿವ್ನಿ. ಯಾರೂ ಯಾಕ್ ಬಾಯ್ ಬುಡ್ತಿಲ್ಲ ಗೊತ್ತಾ? ಆ ನೀರ್ ಬೆರ್ಸ್ದೋನು ನಾನು. ನಾನಿಲ್ಲೇ ಕುಂತಿವ್ನಲ್ಲ, ಅದ್ಕೆ.”

ಕುಸುಮ ಅವರಿಗೆ ತಲೆಬುಡ ತಿಳಿಯಲಿಲ್ಲ. “ಇದು ಕಾದಂಬರಿ ಅಲ್ವಾ ಸರ್?”

“ಕಾದಂಬ್ರೀನೇಯ. ಅದ್ರೊಳಗಿರೋನು ನಾನು.” ಆಮೇಲೆ ನನ್ನ ಕಡೆ ತಿರುಗಿದರು. “ಆವತ್ತು ಮುತ್ತತ್ತಿರಾಯನ ಮ್ಯಾಲೆ ಆಣೆ ಇಟ್ಟಿದ್ದು ಸುಳ್ಳು ಕಣಮ್ಮ. ನಿನ್ ಮೀಟ್ರು ಸರ್ಯಾಗೇ ಏಳ್ತು. ಆದ್ರೆ ನೀ ಬೋರ್‌ವೆಲ್ ನೀರು ಅಂತ ಬರ್ದಿದ್ದೀಯಲ್ಲ, ಅದು ತಪ್ಪು. ಅದು ನಾಲೆ ನೀರು. ತಿದ್ಕೊ.”

ನಾನು ಅತ್ತೆ. ಹದಿನಾಲ್ಕು ವರ್ಷದಲ್ಲಿ ಡೈರಿಯೊಳಗೆ ಯಾರಾದರೂ ನಾನು ಅತ್ತಿದ್ದು ನೋಡಿದ್ದರೆ ಅದು ಆವತ್ತೇ. ಸುಮ್ಮನಿರಲಾರದವಳು ಚಿಕ್ಕನಂಜಮ್ಮ, “ಅಂಗಾರೆ ನಾವೆಲ್ಲ ನಾಲೆ ನೀರು ಕುಡುದ್ವೇನ್ಲಾ ಬೀರಾ?” ಅಂದಳು. ಮೊದಲು ನಕ್ಕವರು ದೊಡ್ಡಬೀರಯ್ಯನೇ. ಆಮೇಲೆ ಜಗಲಿಯೆಲ್ಲ ನಕ್ಕಿತು.

ಕುಸುಮ ಪಟ್ಟಿಯ ಕೊನೆಯಲ್ಲಿ ‘ಎಲ್ಲ ಮತಗಳೂ ಸಿಂಧು’ ಅಂತ ಬರೆದು ಸಹಿ ಹಾಕಿದರು. ಆಟೋ ಹತ್ತುವಾಗ, “ಉಳಿದ ಅಧ್ಯಾಯಗಳನ್ನ ನಾನೂ ಇಲ್ಲೇ ಬಂದು ಕೇಳಬಹುದಾ?” ಅಂತ ಕೇಳಿ ಹೋದರು.

ಕೊನೆಯ ಪಟ್ಟಿಯಲ್ಲಿ ನಾನು ನಾಲ್ಕನೆಯವಳು. ಹೇಮಂತ್ ಎರಡನೆಯವನು. ಇರಲಿ, ಅವನ ಮೂರು ಅಧ್ಯಾಯ ಪೂರ್ತಿ ಓದಿದ್ದೆ, ಕೊಲೆಗಾರ ಯಾರು ಅಂತ ಗೊತ್ತಾಗದೆ ಒದ್ದಾಡಿದ್ದೆ, ಓಟನ್ನೂ ಹಾಕಿದ್ದೆ. ಹಾಗಂತ ಗುಂಪಿನಲ್ಲಿ ಬರೆದೆ. ಅವನು ಹೂವಿಲ್ಲದೆ, ಬರೀ ‘ಧನ್ಯವಾದ ಅಕ್ಕಾ’ ಅಂತ ಬರೆದ.

ಐದು ತಿಂಗಳಿಗೆ ಪುಸ್ತಕ ಬಂತು. ಮೊದಲ ಪ್ರತಿಯನ್ನು ದೊಡ್ಡಬೀರಯ್ಯನ ಕೈಗೆ ಕೊಟ್ಟೆ. ಅವರು ನೇರವಾಗಿ ಎರಡನೇ ಅಧ್ಯಾಯ ತೆಗೆದು, ಬೆರಳಿಟ್ಟು ಹುಡುಕಿ, ‘ನಾಲೆ ನೀರು’ ಅಂತ ಇರುವುದನ್ನು ನೋಡಿ, “ಊಂ” ಅಂದು ಟವಲಿನಲ್ಲಿ ಸುತ್ತಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಅವರೂ ನಿಂತಿದ್ದರು, ಕೈಯಲ್ಲಿ ಹಾಲಿನ ಕ್ಯಾನು. ಮುಂದಿದ್ದವರು ದಾರಿ ಬಿಟ್ಟರೂ ಮುಂದಕ್ಕೆ ಬರಲಿಲ್ಲ, ತಮ್ಮ ಸರದಿಗೇ ಬಂದರು. ನಾನು ಕ್ಯಾನು ತೆಗೆದುಕೊಂಡು ಹಾಗೇ ಸುರಿಯಲು ಹೋದೆ. ಅವರು ನನ್ನ ಕೈ ತಡೆದರು.

“ಓಟ್ ಆಕ್ದೆ ಅಂತ ಬುಟ್ಬುಡ್ಬ್ಯಾಡ. ಬುಡು ಮೀಟ್ರ.”

ಬಿಟ್ಟೆ. ಅದು ನಿಲ್ಲುವವರೆಗೂ ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು.

“ಇಪ್ಪತ್ತೊಂಬತ್ತು!” ಅಂತ ಕೂಗಿದೆ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ.